ಡಿ.ವಿ. ಕೇಸಿಗೆ ಹದಿನಾರು ಸೂತ್ರಗಳು

ವಕೀಲರ ಕಚೇರಿಗೆ ಬರುವ ಹೆಣ್ಣುಮಗಳು ಮೊದಲು ಹೇಳುವ ಮಾತು, “ಅವನಿಗೆ ಬುದ್ಧಿ ಕಲಿಸಬೇಕು ಮೇಡಂ.” ನೋಟಿಸು ಹಿಡಿದು ಬರುವ ಗಂಡ ಹೇಳುವುದು, “ಎಲ್ಲಾ ಸುಳ್ಳು ಮೇಡಂ, ಒಂದಕ್ಷರ ನಿಜ ಇಲ್ಲ.” ಎರಡೂ ಮಾತಿನಿಂದ ಕೇಸು ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, ಅಂದರೆ ಎಲ್ಲರೂ ಹೇಳುವ ಡಿ.ವಿ. ಕಾಯ್ದೆ, 2005ರದು, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಏಟು ನಿಲ್ಲಬೇಕು, ತಲೆಯ ಮೇಲೆ ಸೂರು ಉಳಿಯಬೇಕು, ಮಕ್ಕಳ ಫೀಸಿಗೆ ದುಡ್ಡು ಬರಬೇಕು. ಇಷ್ಟನ್ನು ಬೇಗ ಕೊಡಿಸಲೆಂದೇ ಮಾಡಿದ ಕಾನೂನು ಅದು. ಯಾರನ್ನೂ ಜೈಲಿಗೆ ಕಳಿಸುವುದು ಅದರ ಮೊದಲ ಕೆಲಸವಲ್ಲ. ಇದನ್ನು ಅರಿತು ಅರ್ಜಿ ಬರೆದವರಿಗೆ ಆದೇಶ ಸಿಗುತ್ತದೆ. ಸಿಟ್ಟಿನಲ್ಲಿ ಬರೆದವರಿಗೆ ವಾಯಿದೆ ಸಿಗುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದೊಳಗಿನ ವಿವಾಹಿತೆಯರ ಪೈಕಿ ಶೇ 44.4ರಷ್ಟು ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6 ಇತ್ತು. ಇಷ್ಟು ಮನೆಗಳ ಮಾತಾದ್ದರಿಂದ ಸುತ್ತುಬಳಸದೆ ವಿಷಯಕ್ಕೆ ಬರುತ್ತೇನೆ.

1. ಮೊದಲು ಜೀವ, ಆಮೇಲೆ ಕೇಸು

ಹೊಡೆತ ನಡೆಯುತ್ತಿರುವ ಹೊತ್ತಿನಲ್ಲಿ 112ಕ್ಕೆ ಕರೆ ಮಾಡಿ. ಸಲಹೆ, ಆಶ್ರಯ, ಆಪ್ತಸಮಾಲೋಚನೆಗೆ 181. ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ತಾತ್ಕಾಲಿಕ ತಂಗುವಿಕೆ, ವೈದ್ಯಕೀಯ ನೆರವು, ಕಾನೂನು ಸಲಹೆ ಮೂರೂ ಒಂದೇ ಸೂರಿನಡಿ ಇರುತ್ತವೆ. ಸಾಂತ್ವನ ಕೇಂದ್ರಗಳೂ ಇವೆ.

“ಕೇಸು ಹಾಕ್ತೀನಿ ನೋಡ್ತಿರು” ಎಂದು ಮೊದಲೇ ಸಾರಿ ಮನೆ ಬಿಡಬೇಡಿ. ಹೆಚ್ಚು ಅಪಾಯ ಇರುವುದೇ ಆ ಹೊತ್ತಿನಲ್ಲಿ. ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯ ಫೋಟೊ, ಒಡವೆ ರಸೀದಿ ಇವುಗಳ ಫೋಟೊ ತೆಗೆದು ನಂಬಿಕಸ್ತ ಅಕ್ಕನಿಗೋ ಗೆಳತಿಗೋ ಕಳಿಸಿ, ಕಳಿಸಿದ ಮೆಸೇಜನ್ನು ನಿಮ್ಮ ಫೋನಿನಿಂದ ಅಳಿಸಿಬಿಡಿ. ಗಂಡ ಫೋನ್ ನೋಡುವ ಮನೆಯಾದರೆ ಇದು ಇನ್ನೂ ಮುಖ್ಯ.

2. ಏನು ಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ

ಅತಿ ಮುಖ್ಯವಾದ ಸೂತ್ರ ಇದು. ಮ್ಯಾಜಿಸ್ಟ್ರೇಟರು ನಿಮ್ಮ ಹತ್ತು ವರ್ಷದ ಕಷ್ಟವನ್ನೆಲ್ಲ ಸರಿಪಡಿಸಲಾರರು. ಆದೇಶ ಕೊಡಬಲ್ಲರು, ಅದೂ ಕೇಳಿದ್ದಕ್ಕೆ. ಕಾಯ್ದೆಯಲ್ಲಿ ಹಲವು ಬಗೆಯ ಆದೇಶಗಳಿವೆ. ಕಲಂ 18ರಲ್ಲಿ ರಕ್ಷಣಾ ಆದೇಶ: ಹೊಡೆಯಬಾರದು, ಬೈಯಬಾರದು, ನೀವು ಕೆಲಸ ಮಾಡುವ ಕಡೆ ಬಂದು ಗಲಾಟೆ ಮಾಡಬಾರದು, ಫೋನ್ ಮಾಡಿ ಪೀಡಿಸಬಾರದು, ಜಂಟಿ ಬ್ಯಾಂಕ್ ಲಾಕರ್ ತೆಗೆಯಬಾರದು, ಆಸ್ತಿ ಮಾರಬಾರದು. ಕಲಂ 19 ಮನೆಯಲ್ಲಿ ವಾಸಿಸುವ ಆದೇಶ. ಕಲಂ 20 ಹಣ. ಕಲಂ 21 ಮಕ್ಕಳ ತಾತ್ಕಾಲಿಕ ಸುಪರ್ದು. ಕಲಂ 22 ಅನುಭವಿಸಿದ ಮಾನಸಿಕ ಯಾತನೆಗೆ ಪರಿಹಾರ.

ಈಗ ನಿಮ್ಮ ಹಾಳೆ ಹೇಗಿರಬೇಕು? “ನ್ಯಾಯ ಕೊಡಿಸಬೇಕು” ಎಂದಲ್ಲ. “ಮೇಲಿನ ಮಹಡಿಯ ರೂಮು ಮತ್ತು ಅಡುಗೆಮನೆ ಬಳಸಲು ತಡೆಯಬಾರದು. ಮಗಳ ಶಾಲಾ ಫೀಸನ್ನು ಅವರೇ ಕಟ್ಟಬೇಕು. ನಾನು ಕೆಲಸ ಮಾಡುವ ಗಾರ್ಮೆಂಟ್ಸ್ ಗೇಟಿನ ಹತ್ತಿರ ಬರಬಾರದು. ನನ್ನ ತಾಳಿ ಸರ, ನಾಲ್ಕು ಬಳೆ, ಓಲೆ, ಬೀರು ವಾಪಸ್ ಕೊಡಬೇಕು.” ಸ್ತ್ರೀಧನ ವಾಪಸಾತಿಗೆ ಆದೇಶ ಮಾಡುವ ಅಧಿಕಾರವೂ ಕಲಂ 19ರಲ್ಲೇ ಇದೆ. ಒಡವೆಗೆ ಗ್ರಾಂ ತೂಕ ಬರೆಯಿರಿ, ಮದುವೆ ಆಲ್ಬಮ್ಮಿನಲ್ಲಿ ಅದು ಕಾಣುವ ಫೋಟೊಗಳ ಪ್ರತಿ ಲಗತ್ತಿಸಿ.

ನಿಯಮದ ಪ್ರಕಾರ ಅರ್ಜಿ ಬಂದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಇಡಬೇಕು, ಅಲ್ಲಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು. ಕೋರ್ಟಿನ ಹಜಾರದಲ್ಲಿ ಒಂದು ಬೆಳಗ್ಗೆ ಕುಳಿತರೂ ಸಾಕು, ಈ 60 ದಿನ ಎಷ್ಟು ಎಳೆಯುತ್ತದೆ ಎಂದು ಗೊತ್ತಾಗುತ್ತದೆ. ಆದ್ದರಿಂದ ಮುಖ್ಯ ಅರ್ಜಿಯ ಜೊತೆಗೇ ಕಲಂ 23ರ ಮಧ್ಯಂತರ ಅರ್ಜಿ ಹಾಕಿಸಿ. ತುರ್ತಿದ್ದರೆ ಎದುರಿನವರು ಬರುವ ಮೊದಲೇ, ನಿಮ್ಮ ಪ್ರಮಾಣಪತ್ರದ ಮೇಲೆಯೇ, ಏಕಪಕ್ಷೀಯ ಆದೇಶ ಮಾಡಲು ಅವಕಾಶವಿದೆ. ಮಧ್ಯಂತರ ಅರ್ಜಿ ಇಲ್ಲದ ಡಿ.ವಿ. ಕೇಸು ಎಂದರೆ ಬರಿಗೈಯಲ್ಲಿ ಕಾಯುವುದೇ.

3. ತಾರೀಖು, ತಾರೀಖು, ತಾರೀಖು

ಪಾಟೀ ಸವಾಲಿನಲ್ಲಿ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಹೊಡೆದರು ಅಂತೀರಿ, ಯಾವತ್ತು?” “ಯಾವಾಗಲೂ ಹೊಡೀತಿದ್ರು” ಎಂಬ ಉತ್ತರ ನಿಜವೇ ಇರಬಹುದು, ಆದರೆ ಕಾಗದದ ಮೇಲೆ ಅದು ನಿಲ್ಲುವುದಿಲ್ಲ.

ನಮ್ಮ ಮನೆಗಳಲ್ಲಿ ದಾಖಲೆ ಇಡುವ ಜಾಗ ಅಡುಗೆಮನೆಯ ಗೋಡೆಯ ಕ್ಯಾಲೆಂಡರು. ಹಾಲು ಹಾಕದ ದಿನ, ಗ್ಯಾಸ್ ಸಿಲಿಂಡರ್ ಬಂದ ದಿನ, ಚೀಟಿ ಕಟ್ಟಿದ ದಿನ ಎಲ್ಲ ಅಲ್ಲಿರುತ್ತವೆ. ಆ ಮೂಲೆಯಲ್ಲೇ ಚಿಕ್ಕದೊಂದು ಗುರುತು ಹಾಕಿಕೊಳ್ಳಿ, ವಿವರವನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾವ ಹೊತ್ತು, ಯಾವುದರಿಂದ, ಯಾರು ನೋಡಿದರು, ಆಮೇಲೆ ಯಾರಿಗೆ ಫೋನ್ ಮಾಡಿದಿರಿ. “ಮಾರ್ಚ್ ತಿಂಗಳು, ಹಬ್ಬದ ಹಿಂದಿನ ರಾತ್ರಿ, ಕುಕ್ಕರಿನ ಮುಚ್ಚಳದಿಂದ ಎಡ ಭುಜಕ್ಕೆ, ಪಕ್ಕದ ಮನೆಯ ಆಂಟಿ ಬಾಗಿಲು ತಟ್ಟಿದರು” ಎಂದು ಬರೆದ ಎರಡು ಸಾಲು, “ನಿರಂತರ ದೈಹಿಕ ಮತ್ತು ಮಾನಸಿಕ ಹಿಂಸೆ” ಎಂದು ಟೈಪಿಸ್ಟ್ ಬರೆದ ಎರಡು ಪುಟಕ್ಕಿಂತ ಗಟ್ಟಿ.

ಹೊಡೆತ ಮಾತ್ರ ಹಿಂಸೆಯಲ್ಲ. ಕಲಂ 3ರ ವ್ಯಾಖ್ಯೆಯಲ್ಲಿ ಲೈಂಗಿಕ ಹಿಂಸೆ ಇದೆ, ಬೈಗುಳ ಇದೆ, ಗಂಡು ಮಗು ಆಗಲಿಲ್ಲವೆಂದು ಹೀಯಾಳಿಸುವುದು ಇದೆ, ರೇಷನ್ನಿಗೆ ದುಡ್ಡು ಕೊಡದೆ ಸತಾಯಿಸುವುದೂ ಇದೆ. ದುಡ್ಡು ಕೊಡದ ತಿಂಗಳುಗಳನ್ನೂ ಬರೆದಿಡಿ. ಆರ್ಥಿಕ ಹಿಂಸೆಯನ್ನು ನಮ್ಮ ಅರ್ಜಿಗಳು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸುಲಭವಾಗಿ ತೋರಿಸಬಹುದಾದದ್ದು ಅದೇ ಎಂಬುದನ್ನು ಮರೆತು.

4. ಆಸ್ಪತ್ರೆಯಲ್ಲಿ “ಬಾತ್‌ರೂಮಲ್ಲಿ ಜಾರಿ ಬಿದ್ದೆ” ಎನ್ನಬೇಡಿ

ಆ ಒಂದು ಸುಳ್ಳು ಕೇಸ್ ಶೀಟಿನಲ್ಲಿ ಉಳಿದು ವರ್ಷಗಳ ನಂತರ ನಿಮ್ಮ ವಿರುದ್ಧವೇ ಬರುತ್ತದೆ. ಡಾಕ್ಟರಿಗೆ ನಿಜ ಹೇಳಿ, ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಮಾಡಿಸಿ, ಗಾಯದ ಪ್ರಮಾಣಪತ್ರದ ಪ್ರತಿಗೆ ಅರ್ಜಿ ಕೊಡಿ. ಈ ಕಾಯ್ದೆಯ ಪ್ರಕಾರ ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವಂತಿಲ್ಲ.

5. ಠಾಣೆಯ ಮುಚ್ಚಳಿಕೆ ಕೋರ್ಟಿನ ಆದೇಶವಲ್ಲ

ಠಾಣೆಯ ಬೆಂಚಿನ ಮೇಲೆ ನಡೆಯುವುದು ಎಲ್ಲರಿಗೂ ಗೊತ್ತು. ಇಬ್ಬರನ್ನೂ ಕರೆಸುತ್ತಾರೆ, “ಸಂಸಾರ ಅಂದಮೇಲೆ ಹೊಂದಿಕೊಂಡು ಹೋಗಬೇಕಮ್ಮ” ಎಂದು ಎರಡು ಮಾತು, ಗಂಡನಿಂದ “ಇನ್ನು ಮುಂದೆ ಹೊಡೆಯುವುದಿಲ್ಲ” ಎಂಬ ಮುಚ್ಚಳಿಕೆ, ಅಲ್ಲಿಗೆ ಫೈಲು ಮುಚ್ಚಿತು. ಆ ಮುಚ್ಚಳಿಕೆ ಮುರಿದರೆ ನೇರ ಶಿಕ್ಷೆ ಏನೂ ಇಲ್ಲ. ಆದರೂ ಅದು ಬಂಗಾರದಂಥ ಸಾಕ್ಷ್ಯ. “ಇನ್ನು ಮುಂದೆ ಹೊಡೆಯುವುದಿಲ್ಲ” ಎಂದರೆ ಇದುವರೆಗೆ ಏನಾಗುತ್ತಿತ್ತು ಎಂಬುದಕ್ಕೆ ಅವರೇ ರುಜು ಹಾಕಿದ್ದಾರೆ. ಪ್ರತಿ ಕೇಳಿ ಪಡೆಯಿರಿ. ದೂರು ಕೊಟ್ಟರೆ ಹಿಂಬರಹ ಇಲ್ಲದೆ ಠಾಣೆಯಿಂದ ಹೊರಡಬೇಡಿ. ಅದರಲ್ಲಿ ಎನ್‌ಸಿಆರ್ (ನಾನ್-ಕಾಗ್ನಿಜಬಲ್ ರಿಪೋರ್ಟ್) ನಂಬರ್ ಇದ್ದರೂ ಸರಿ, ಅದೂ ದಾಖಲೆಯೇ.

ದೂರು ತಂದ ಮಹಿಳೆಗೆ ಈ ಕಾಯ್ದೆಯಡಿ ಇರುವ ಹಕ್ಕುಗಳನ್ನು, ಉಚಿತ ವಕೀಲರ ಸೌಲಭ್ಯವನ್ನು ತಿಳಿಸುವುದು ಕಲಂ 5ರ ಪ್ರಕಾರ ಪೊಲೀಸರ ಕರ್ತವ್ಯ. ಅವರು ತಿಳಿಸದಿದ್ದರೆ ನೀವೇ ಕಲಂ ಹೆಸರಿಸಿ ಕೇಳಿ; ದನಿ ಏರಿಸಬೇಕಿಲ್ಲ.

6. ಸಿಡಿಪಿಒ ಕಚೇರಿಯ ಬಾಗಿಲು ತಟ್ಟಿ

ಅಂಗನವಾಡಿ ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮ ತಾಲ್ಲೂಕುಗಳಲ್ಲಿ ಸಂರಕ್ಷಣಾಧಿಕಾರಿ ಎಂಬುದು ಬಹಳ ಜನರಿಗೆ ಗೊತ್ತೇ ಇಲ್ಲ. ಕೌಟುಂಬಿಕ ಘಟನಾ ವರದಿ, ಅಂದರೆ ಡಿಐಆರ್, ಬರೆಯುವುದು ಅವರು. ಅರ್ಜಿ ತಯಾರಿಸಲು ನೆರವಾಗುವುದು, ನೋಟಿಸು ತಲುಪಿಸುವುದು, ಆಶ್ರಯಕ್ಕೆ ಸೇರಿಸುವುದು ಎಲ್ಲ ಅವರ ಕೆಲಸ. ಆದರೆ ಒಬ್ಬರೇ ಅಧಿಕಾರಿ ಪೌಷ್ಟಿಕ ಆಹಾರದಿಂದ ಹಿಡಿದು ಸಮೀಕ್ಷೆಯವರೆಗೆ ಎಲ್ಲ ಹೊತ್ತು, ಜೊತೆಗೆ ಇದನ್ನೂ ಹೊರಬೇಕು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸುವಂತೆ ಹೇಳಬೇಕಾಗಿ ಬಂದದ್ದರಿಂದಲೇ ದೇಶದ ಸ್ಥಿತಿ ತಿಳಿಯುತ್ತದೆ.

ಡಿಐಆರ್ ಬರಲು ತಡವಾದರೆ ಸುಮ್ಮನೆ ಕೂರಬೇಡಿ. ಅದು ಇಲ್ಲದೆಯೂ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು ಎಂದು 2022ರ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನೀವೇ ನೇರವಾಗಿ, ಅಥವಾ ವಕೀಲರ ಮೂಲಕ, ಅರ್ಜಿ ಹಾಕಬಹುದು.

7. ವಕೀಲರಿಗೆ ಕೊಡಲು ಕಾಸಿಲ್ಲವೆಂದು ಹಿಂಜರಿಯಬೇಡಿ

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಟೀಚರಿಗೂ ಸಿಗುತ್ತಾರೆ, ಕೂಲಿಯವರಿಗೂ ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತದೆ. ಸಹಾಯವಾಣಿ 15100.

8. ತವರಿನ ಊರಲ್ಲೇ ಕೇಸು ಹಾಕಬಹುದು

ಕಲಂ 27ರ ಪ್ರಕಾರ ನೀವು ತಾತ್ಕಾಲಿಕವಾಗಿ ವಾಸವಿರುವ ಊರು, ಕೆಲಸ ಮಾಡುವ ಊರು, ಎದುರುದಾರರು ಇರುವ ಊರು, ಘಟನೆ ನಡೆದ ಊರು, ಎಲ್ಲಿಯಾದರೂ ಸರಿ. ಮದುವೆಯಾಗಿ ಪುಣೆಗೆ ಹೋಗಿ, ಈಗ ದಾವಣಗೆರೆಯ ತವರಿನಲ್ಲಿದ್ದರೆ ದಾವಣಗೆರೆ ಸಾಕು. ಆದೇಶ ಇಡೀ ದೇಶದಲ್ಲಿ ನಡೆಯುತ್ತದೆ. ಬೆಂಗಳೂರಿನಲ್ಲಿ ಇಂಥ ಅನೇಕ ಅರ್ಜಿಗಳು ಟ್ರಾಫಿಕ್ ಕೋರ್ಟ್ ಎಂದು ಹೆಸರಿದ್ದ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ನಡೆದಿವೆ. ಹೆಲ್ಮೆಟ್ ದಂಡ ಕಟ್ಟುವವರ ಮಧ್ಯೆ ನಿಂತಿದ್ದೇವಲ್ಲ ಎಂದು ಗಾಬರಿಯಾಗುವುದು ಬೇಡ. ಮುಚ್ಚಿದ ಬಾಗಿಲಿನಲ್ಲಿ ವಿಚಾರಣೆ ಬೇಕೆಂದು ಕೇಳುವ ಅವಕಾಶವೂ ಇದೆ.

ಗಂಡ ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ವಿಭಾಗಕ್ಕೂ ದೂರು ಕೊಡಿ. ನೀವೇ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಆ ದೇಶದ ಕಾನೂನೇ ಮೊದಲ ರಕ್ಷಣೆ. ಅಮೆರಿಕದಲ್ಲಿ 911, ಸ್ಥಳೀಯ ಕೋರ್ಟಿನ ರಕ್ಷಣಾ ಆದೇಶ, ಈ ಎರಡಕ್ಕೂ ವೀಸಾ ಯಾವುದೆಂಬುದು ಅಡ್ಡಿಯಲ್ಲ.

9. ಮನೆ ಯಾರ ಹೆಸರಿನಲ್ಲಿದ್ದರೂ ಹೆದರಬೇಡಿ

“ಮನೆ ನಮ್ಮಪ್ಪನ ಹೆಸರಲ್ಲಿದೆ, ನಡಿ ಆಚೆ” ಎಂಬುದು ಬಹುಕಾಲ ಗೆಲ್ಲುವ ವಾದವಾಗಿತ್ತು. 2006ರ ಬತ್ರಾ ತೀರ್ಪು ಅದಕ್ಕೆ ಬಲ ಕೊಟ್ಟಿತ್ತು. 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪು ಸರಿಯಲ್ಲ ಎಂದಿತು. ಕೂಡಿ ಬಾಳಿದ ಮನೆ ಮಾವನದಾದರೂ ಸೊಸೆಗೆ ಅಲ್ಲಿ ವಾಸದ ಹಕ್ಕು ಕೇಳಲು ಬರುತ್ತದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಎಸ್. ವನಿತಾ ಪ್ರಕರಣ ಬೆಂಗಳೂರಿನದೇ. ಗಂಡ ಆಸ್ತಿಯನ್ನು ಅಪ್ಪನಿಗೆ ಮಾರಿದ್ದ, ಅಪ್ಪ ಅದನ್ನು ತಮ್ಮ ಹೆಂಡತಿಗೆ ದಾನಪತ್ರ ಮಾಡಿದ್ದರು. ಆಮೇಲೆ ಅತ್ತೆ ಮಾವ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅರ್ಜಿ ಹಾಕಿ ಸೊಸೆಯನ್ನು ಹೊರಹಾಕುವ ಆದೇಶ ಪಡೆದರು. ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಹಿರಿಯರ ರಕ್ಷಣೆಯ ಕಾಯ್ದೆಯನ್ನು ಸೊಸೆಯ ವಾಸದ ಹಕ್ಕು ಮುಳುಗಿಸಲು ಬಳಸುವಂತಿಲ್ಲ ಎಂಬುದು ಅದರ ಸಾರ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ವಾಸದ ಹಕ್ಕೆಂದರೆ ಮಾಲೀಕತ್ವವಲ್ಲ. ಗಂಡನನ್ನು ಮನೆಯಿಂದ ಹೊರಹೋಗುವಂತೆ ಆದೇಶಿಸಬಹುದು, ಆದರೆ ಕಲಂ 19ರಡಿ ಅತ್ತೆಯನ್ನೋ ನಾದಿನಿಯನ್ನೋ ಹಾಗೆ ಹೊರಹಾಕುವಂತಿಲ್ಲ. ಹೆಂಗಸರ ವಿರುದ್ಧ ಆ ಆದೇಶ ಬೇಡವೆಂದು ಕಾಯ್ದೆಯೇ ಹೇಳಿದೆ. ಅದೇ ಸೂರಿನಡಿ ಇರಲು ಸಾಧ್ಯವೇ ಇಲ್ಲ ಎಂದಾದರೆ ಅದೇ ಮಟ್ಟದ ಬೇರೆ ಮನೆ, ಇಲ್ಲವೇ ಬಾಡಿಗೆ ಹಣ ಕೇಳಿ. ನನ್ನ ಅಭಿಪ್ರಾಯ ಕೇಳುವುದಾದರೆ ಬಹಳ ಸಲ ಅದೇ ಜಾಣತನ.

10. ಆದಾಯ ಮುಚ್ಚಿಡಬೇಡಿ, ಇಬ್ಬರಿಗೂ ಹೇಳುತ್ತಿದ್ದೇನೆ

2020ರ ನವೆಂಬರಿನ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶ ಕೇಳುವವರೂ ಕೊಡಬೇಕಾದವರೂ ಆಸ್ತಿ ಮತ್ತು ಸಾಲದ ವಿವರವನ್ನು ಅಫಿಡವಿಟ್ಟಿನಲ್ಲಿ ಸಲ್ಲಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಸಣ್ಣ ಕೆಲಸದಲ್ಲಿದ್ದೀರಿ ಎಂಬ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ, ಆದರೆ ಕೆಲಸವೇ ಇಲ್ಲ ಎಂದು ಸುಳ್ಳು ಪ್ರಮಾಣ ಮಾಡಿ ಪಿಎಫ್ ದಾಖಲೆಯಲ್ಲಿ ಸಿಕ್ಕಿಬಿದ್ದರೆ ನಿಮ್ಮ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ಗಂಡಸರ ಕಡೆಯ ಹಳೆಯ ಆಟ ಬೇರೆ: ಕೇಸು ಬಿದ್ದ ತಿಂಗಳೇ ರಾಜೀನಾಮೆ, ಅಂಗಡಿ ತಮ್ಮನ ಹೆಸರಿಗೆ, ಕಾರು ಭಾವನ ಹೆಸರಿಗೆ. ಯುಪಿಐ ಕಾಲದಲ್ಲಿ ಇದು ನಡೆಯುವುದು ಕಷ್ಟ.

ಕೊಡಬೇಕಾದವರು ಕೊಡದಿದ್ದರೆ ಸಂಬಳದಿಂದಲೇ ಕತ್ತರಿಸಿ ನೇರ ಕೊಡುವಂತೆ ಅವರ ಕಂಪನಿಗೋ ಇಲಾಖೆಗೋ ಆದೇಶ ಮಾಡಬಹುದು. ಕಲಂ 20ರ ಆರನೇ ಉಪಕಲಂ. ಸರ್ಕಾರಿ ನೌಕರರ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

11. ಇಡೀ ವಂಶಾವಳಿಯನ್ನು ಎದುರುದಾರರನ್ನಾಗಿ ಮಾಡಬೇಡಿ

ಕೇಸು ಹಾಳಾಗುವುದು ಬಹಳ ಸಲ ಇಲ್ಲಿ. ಹೊಡೆದದ್ದು ಗಂಡ, ಚುಚ್ಚಿದ್ದು ಅತ್ತೆ. ಆದರೆ ಅರ್ಜಿಯಲ್ಲಿ ಮಂಗಳೂರಿನ ನಾದಿನಿ, ಅವಳ ಗಂಡ, ಊರಲ್ಲಿರುವ ಚಿಕ್ಕಮಾವ, ಹಾಸಿಗೆ ಹಿಡಿದ ಅಜ್ಜಿ ಎಲ್ಲರೂ ಸಾಲಾಗಿ ಬರುತ್ತಾರೆ. 2024ರ ಡಿಸೆಂಬರಿನಲ್ಲಿ ದಾರಾ ಲಕ್ಷ್ಮೀನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾರು ಏನು ಮಾಡಿದರೆಂದು ಹೇಳದೆ ಬಂಧುಗಳ ಹೆಸರು ಸೇರಿಸಿದ ಕ್ರಿಮಿನಲ್ ಪ್ರಕರಣವನ್ನೇ ರದ್ದುಮಾಡಿತು. ಕಂಡದ್ದನ್ನು ಮಾತ್ರ, ಮಾಡಿದವರ ಹೆಸರಿನಲ್ಲಿ ಮಾತ್ರ ಬರೆಯಿರಿ.

ಇನ್ನೊಂದು, ಕೆಲವು ವಕೀಲರು ಐದು ಕೇಸಿನ ಪ್ಯಾಕೇಜ್ ಮಾರುತ್ತಾರೆ: ಡಿ.ವಿ., ಫೋರ್ ನೈಂಟಿ ಏಟ್, ವರದಕ್ಷಿಣೆ, ಜೀವನಾಂಶ, ಡೈವೋರ್ಸು. ಪ್ರತಿಯೊಂದಕ್ಕೂ ಫೀಸು, ಪ್ರತಿಯೊಂದಕ್ಕೂ ಬೇರೆ ದಿನಾಂಕ, ಪ್ರತಿ ದಿನಾಂಕಕ್ಕೂ ಕೂಲಿ ನಷ್ಟ. ಕ್ರೌರ್ಯ ನಿಜವಾಗಿ ಗಂಭೀರವಾಗಿದ್ದರೆ ಎಫ್‌ಐಆರ್ ಹಾಕಲೇಬೇಕು, ಹಿಂದೆಮುಂದೆ ನೋಡಬೇಡಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 85, ಮೂರು ವರ್ಷದವರೆಗೆ ಜೈಲು ಮತ್ತು ದಂಡ. 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಯಾದರೆ ಹಳೆಯ 498ಎ. ಸೂರು, ಹಣ, ನೆಮ್ಮದಿ ಮಾತ್ರ ಬೇಕಿದ್ದರೆ ಡಿ.ವಿ. ಅರ್ಜಿಯೊಂದೇ ಬಹುತೇಕ ಸಾಕು.

12. ಈ ಕಾಯ್ದೆ ಹೆಂಡತಿಯರಿಗೆ ಮಾತ್ರವಲ್ಲ

ಮಗನಿಂದ ಏಟು ತಿನ್ನುವ ತಾಯಿ, ಅಣ್ಣನ ಮನೆಯಲ್ಲಿ ಜೀತದಂತೆ ಬದುಕುವ ಮದುವೆಯಾಗದ ತಂಗಿ, ಮೈದುನರು ಹೊರದಬ್ಬಿದ ವಿಧವೆ, ಎಲ್ಲರಿಗೂ ಇದು ಉಂಟು. ಎದುರುದಾರ ವಯಸ್ಕ ಗಂಡಸೇ ಆಗಿರಬೇಕೆಂಬ ಮಾತನ್ನು 2016ರ ಹೀರಲ್ ಹರ್ಸೋರಾ ತೀರ್ಪು ತೆಗೆದುಹಾಕಿದೆ.

ಮದುವೆಯಾಗದೆ ಜೊತೆಗಿದ್ದವರಿಗೂ ಉಂಟು, ಆದರೆ ಸಂಬಂಧ ಮದುವೆಯಂಥದ್ದೇ ಆಗಿರಬೇಕು. ಈ ಗೆರೆ ಎಲ್ಲಿದೆ ಎಂದು ವಿವರವಾಗಿ ಹೇಳಿದ 2013ರ ಇಂದ್ರಾ ಶರ್ಮಾ ತೀರ್ಪು ಹೊರಟದ್ದು ಬೆಂಗಳೂರಿನಿಂದಲೇ. ಆತನಿಗೆ ಹೆಂಡತಿ ಮಕ್ಕಳಿದ್ದಾರೆಂದು ತಿಳಿದೇ ವರ್ಷಗಟ್ಟಲೆ ಜೊತೆ ಬಾಳಿದ ಆಕೆಗೆ ಪರಿಹಾರ ಸಿಗಲಿಲ್ಲ. ಇಂಥ ಹೆಣ್ಣುಮಕ್ಕಳಿಗೆ ರಕ್ಷಣೆ ಕೊಡುವಂತೆ ಕಾನೂನು ಬದಲಾಗಬೇಕು ಎಂಬ ಕಳಕಳಿಯನ್ನೂ ನ್ಯಾಯಾಲಯ ಅದರಲ್ಲೇ ಬರೆಯಿತು. ಕಾನೂನು ಇನ್ನೂ ಬದಲಾಗಿಲ್ಲ.

ಗಂಡಸರು ಇದರಡಿ ಅರ್ಜಿ ಹಾಕುವಂತಿಲ್ಲ. 2017ರಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ಆದೇಶ ಹಾಕಬಹುದು ಎಂದಿತ್ತು. ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು. ಏಟು ತಿನ್ನುವ ಗಂಡನಿಗೆ ಇರುವುದು ಸಾಮಾನ್ಯ ಕ್ರಿಮಿನಲ್ ದೂರು, ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ.

13. ಫೋನಿನಲ್ಲಿರುವ ಸಾಕ್ಷ್ಯವನ್ನು ಫೋನಿನಲ್ಲೇ ಉಳಿಸಿ

ವಾಟ್ಸಾಪ್ ಸ್ಕ್ರೀನ್‌ಶಾಟ್ ಪ್ರಿಂಟು ಹಾಕಿಸಿ, ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟವರು ಎಷ್ಟೋ ಜನ. ಮೂಲ ಸಾಧನ ಇರಲಿ, ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವನ್ನು ವಕೀಲರಿಂದ ಸಿದ್ಧಪಡಿಸಿಕೊಳ್ಳಿ. ಗುಟ್ಟಾಗಿ ಮಾಡಿದ ಕಾಲ್ ರೆಕಾರ್ಡಿಂಗ್ ನಡೆಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. 2025ರ ಜುಲೈನ ವಿಭೋರ್ ಗರ್ಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗಂಡ ಹೆಂಡತಿಯ ಅಂಥ ಮಾತುಕತೆಯನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ತರಬಹುದು ಎಂದಿದೆ. ಮಗುವಿನ ಕೈಯಲ್ಲಿ ಅಪ್ಪನ ಮಾತು ರೆಕಾರ್ಡ್ ಮಾಡಿಸುವ ಕೆಲಸ ಮಾತ್ರ ಯಾವ ತೀರ್ಪು ಬಂದರೂ ಮಾಡಬೇಡಿ.

14. ನೋಟಿಸು ಬಂದವರಿಗೆ

ಇಲ್ಲಿಂದ ಎದುರು ಕಡೆಯವರಿಗೆ. ಮೊದಲನೆಯದು, ಹೆದರಿ ಊರು ಬಿಡಬೇಡಿ. ಡಿ.ವಿ. ಅರ್ಜಿಯ ನೋಟಿಸಿಗೆ ಬಂಧನವಿಲ್ಲ, ಜಾಮೀನೂ ಬೇಕಿಲ್ಲ. ಇಂಥ ಪ್ರಕರಣದಲ್ಲಿ ಹಾಜರಾತಿಗಾಗಿ ವಾರಂಟ್ ಹೊರಡಿಸಲು ಕಾರಣವಿಲ್ಲ ಎಂದು 2025ರ ಜನವರಿಯಲ್ಲಿ ಅಲಿಶಾ ಬೆರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನೋಟಿಸನ್ನು ಪೋಸ್ಟ್‌ಮ್ಯಾನಿಗೆ ವಾಪಸ್ ಕಳಿಸಿ ಜಾಣನಾದೆ ಎಂದುಕೊಂಡರೆ ಏಕಪಕ್ಷೀಯ ಆದೇಶ ಬರುತ್ತದೆ, ಬಾಕಿ ತಿಂಗಳು ತಿಂಗಳು ಬೆಳೆಯುತ್ತದೆ.

ಎರಡನೆಯದು, ಕರೆಂಟು ಕಡಿಸುವುದು, ಬೀಗ ಬದಲಿಸುವುದು, ಮಗುವಿನ ಫೀಸು ನಿಲ್ಲಿಸುವುದು, ಅವಳ ಆಫೀಸಿಗೆ ಫೋನ್ ಮಾಡುವುದು, ಫೇಸ್‌ಬುಕ್ಕಿನಲ್ಲಿ ಬರೆಯುವುದು ಯಾವುದೂ ಬೇಡ. ಅವಳ ಅರ್ಜಿಯಲ್ಲಿ ಇಲ್ಲದ ಸಾಕ್ಷ್ಯವನ್ನು ನೀವೇ ತಯಾರಿಸಿ ಕೊಟ್ಟಂತಾಗುತ್ತದೆ. ಬಾಡಿಗೆ, ಫೀಸು, ಆಸ್ಪತ್ರೆ ಖರ್ಚು ಕೊಡುತ್ತಲೇ ಇರಿ, ನಗದಾಗಿ ಬೇಡ, ಖಾತೆಗೆ ಹಾಕಿ. ಒಳ್ಳೆಯ ತಕರಾರಿನ ಅರ್ಧ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೇ ಇರುತ್ತದೆ.

ಮೂರನೆಯದು ತಕರಾರು. “ಎಲ್ಲವೂ ಸುಳ್ಳು” ಎಂಬ ಒಂದು ವಾಕ್ಯ ತಕರಾರಲ್ಲ. ಆಪಾದನೆಯ ಒಂದೊಂದು ಪ್ಯಾರಾಕ್ಕೂ ಉತ್ತರ ಬೇಕು. ಆ ತಾರೀಖಿನಲ್ಲಿ ನೀವು ಬೇರೆ ಊರಿನಲ್ಲಿದ್ದರೆ ಟಿಕೆಟ್ ಅಥವಾ ಹಾಜರಿ ಪುಸ್ತಕ. ನಿಮ್ಮ ತಂಗಿ ಎಂದೂ ಆ ಮನೆಯಲ್ಲಿ ವಾಸವಿರದಿದ್ದರೆ ಅವಳ ಬಾಡಿಗೆ ಕರಾರು, ಗ್ಯಾಸ್ ಬಿಲ್ಲು. ಒಂದೇ ಸೂರಿನಡಿ ಬಾಳದಿದ್ದವರ ಜೊತೆ ಕೌಟುಂಬಿಕ ಸಂಬಂಧವೇ ಇಲ್ಲ ಎಂಬುದು ಒಳ್ಳೆಯ ಪ್ರತಿವಾದ. ಹೆಂಡತಿಯ ಸಂಬಳ ಮುಚ್ಚಿಟ್ಟಿದ್ದರೆ ಅದನ್ನು ದಾಖಲೆಯೊಂದಿಗೆ ತೋರಿಸಿ. ಮತ್ತು ಹೊಡೆದಿದ್ದರೆ, ವಕೀಲರಿಗೆ ಅದನ್ನು ಮೊದಲ ದಿನವೇ ಹೇಳಿ. ಪಾಟೀ ಸವಾಲಿನ ಮಧ್ಯೆ ಗಾಯದ ಪ್ರಮಾಣಪತ್ರ ನೋಡಿ ಅವರು ಬೆಚ್ಚಿಬೀಳುವುದು ಬೇಡ.

ಒಂದು ವರ್ಷ ಕಳೆದಿದೆ, ಅರ್ಜಿ ಅವಧಿ ಮೀರಿದೆ ಎಂಬ ವಾದವನ್ನು ನಂಬಿಕೊಳ್ಳಬೇಡಿ. 2022ರ ಕಾಮಾಚಿ ತೀರ್ಪು ಆ ಮಿತಿ ಡಿ.ವಿ. ಅರ್ಜಿಗೆ ಅನ್ವಯಿಸದು ಎಂದಿದೆ. ಅರ್ಜಿಯನ್ನೇ ರದ್ದುಮಾಡಿ ಎಂದು ಹೈಕೋರ್ಟಿಗೆ ಹೋಗಬಹುದು, ಆದರೆ ಅಂಥ ಅಧಿಕಾರವನ್ನು ಹೈಕೋರ್ಟುಗಳು ಬಹಳ ಎಚ್ಚರದಿಂದ ಬಳಸಬೇಕೆಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎಫ್‌ಐಆರ್ ಆದರೆ ಮಾತು ಬೇರೆ. ನ್ಯಾಯ ಸಂಹಿತೆಯ ಕಲಂ 85 ಜಾಮೀನುರಹಿತ. ಆದರೂ ದೂರು ಬಂತೆಂದು ಹಿಡಿದು ಒಳಗೆ ಹಾಕುವಂತಿಲ್ಲ ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಪೊಲೀಸರಿಗೆ ತಾಕೀತು ಮಾಡಿದೆ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರ ನೋಟಿಸು ಬಂದರೆ ಹೇಳಿದ ದಿನ ಹಾಜರಾಗಿ, ಹಾಜರಾದದ್ದಕ್ಕೆ ದಾಖಲೆ ಪಡೆಯಿರಿ. ತಪ್ಪಿಸಿಕೊಂಡರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ. ಭಯವಿದ್ದರೆ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು, ಸುರಕ್ಷಾ ಸಂಹಿತೆಯ ಕಲಂ 482.

15. ಆದೇಶ ಕೈಗೆ ಬಂದಮೇಲೆ

ಆದೇಶದ ಪ್ರತಿ ಉಚಿತ. ಒಂದನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಸಂರಕ್ಷಣಾಧಿಕಾರಿಗೆ, ಒಂದು ಪರ್ಸಿನಲ್ಲಿ, ಒಂದು ಮಗುವಿನ ಶಾಲೆಗೆ. ರಕ್ಷಣಾ ಆದೇಶ ಮುರಿದರೆ ಅದೇ ಅಪರಾಧ: ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಮೀನುರಹಿತ. ಇದನ್ನು ನೊಂದ ಮಹಿಳೆಯ ಒಂದೇ ಹೇಳಿಕೆಯ ಮೇಲೂ ಸಾಬೀತೆಂದು ತೀರ್ಮಾನಿಸಬಹುದು. ಡಿ.ವಿ. ಕಾಯ್ದೆಗೆ ಹಲ್ಲು ಇರುವುದು ಇಲ್ಲಿ, ಆದ್ದರಿಂದ ಹಣ ಮಾತ್ರ ಕೇಳಿ ರಕ್ಷಣಾ ಆದೇಶ ಕೇಳದೆ ಬಿಡಬೇಡಿ.

ಆದೇಶ ಒಪ್ಪಿಗೆಯಿಲ್ಲದಿದ್ದರೆ ಇಬ್ಬರಿಗೂ ಸೆಷನ್ಸ್ ಕೋರ್ಟಿನಲ್ಲಿ ಮೇಲ್ಮನವಿ, ಆದೇಶ ತಲುಪಿದ 30 ದಿನದೊಳಗೆ. ಪರಿಸ್ಥಿತಿ ಬದಲಾದರೆ, ಅಂದರೆ ಕೆಲಸ ಹೋದರೆ, ಕಾಯಿಲೆ ಬಂದರೆ, ಅವಳಿಗೆ ಒಳ್ಳೆಯ ಕೆಲಸ ಸಿಕ್ಕರೆ, ಕಲಂ 25ರಲ್ಲಿ ಮಾರ್ಪಾಡು ಕೇಳಬಹುದು. ಕರ್ನಾಟಕದಿಂದಲೇ ಹೋದ ವಿಜಿಕುಮಾರಿ ಪ್ರಕರಣದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಬದಲಾವಣೆ ಆದೇಶದ ನಂತರ ನಡೆದದ್ದಾಗಿರಬೇಕು, ಮಾರ್ಪಾಡು ಮುಂದಿನ ದಿನಗಳಿಗೆ ಮಾತ್ರ. ಕೊಟ್ಟ ಹಣ ವಾಪಸ್ ಕೇಳುವಂತಿಲ್ಲ.

ನೆರೆಯವರಿಗೂ ಇಲ್ಲೇ ಒಂದು ಮಾತು. ಗೋಡೆಯಾಚೆ ಕೇಳಿಸುತ್ತಿದ್ದರೆ ಸಂರಕ್ಷಣಾಧಿಕಾರಿಗೆ ನೀವೇ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ, ಕಲಂ 4.

16. ರಾಜಿಯಾದರೆ ಅದನ್ನೂ ಕೇಸಿನಷ್ಟೇ ಎಚ್ಚರದಿಂದ ಬರೆಸಿ

ರಾಜಿ ತಪ್ಪಲ್ಲ, ಒತ್ತಾಯದ ರಾಜಿ ತಪ್ಪು. ಹಿರಿಯರ ಸಮ್ಮುಖದ ಪಂಚಾಯ್ತಿಯಲ್ಲಿ ಬಿಳಿ ಹಾಳೆಗೆ ರುಜು ಹಾಕಿ ಕೇಸು ವಾಪಸ್ ತೆಗೆದುಕೊಂಡು, ಎರಡು ತಿಂಗಳ ನಂತರ ಮತ್ತೆ ಏಟು ತಿಂದು ಬಂದವರನ್ನು ಪ್ರತಿ ಕೋರ್ಟಿನಲ್ಲೂ ನೋಡಬಹುದು. ಕೂಡಿ ಬಾಳುವ ರಾಜಿಯಾದರೆ ಅದನ್ನು ಕೋರ್ಟಿನ ಮುಂದೆಯೇ ದಾಖಲಿಸಿ, ರಕ್ಷಣಾ ಆದೇಶವನ್ನು ಉಳಿಸಿಕೊಳ್ಳಿ.

ಬೇರೆಯಾಗುವ ರಾಜಿಯಾದರೆ ಮಧ್ಯಸ್ಥಿಕೆ ಕೇಂದ್ರದಲ್ಲಿ ಬರೆಯುವ ಒಪ್ಪಂದದಲ್ಲಿ ಇವು ಇರಲಿ: ಬಾಕಿ ಇರುವ ಪ್ರತಿ ಕೇಸಿನ ನಂಬರು ಮತ್ತು ಕೋರ್ಟು, ಒಟ್ಟು ಹಣ, ಯಾವ ಕಂತು ಯಾವ ಹಂತದಲ್ಲಿ, ಡಿ.ಡಿ.ಯಲ್ಲಿ, ವಾಪಸ್ ಬರುವ ಒಡವೆ ಸಾಮಾನಿನ ಪಟ್ಟಿ, ಮಗು ಯಾವ ವಾರ ಯಾರ ಹತ್ತಿರ, ಯಾರಾದರೂ ಮಾತು ತಪ್ಪಿದರೆ ಮುಂದೇನು. 498ಎ ಅಥವಾ ಕಲಂ 85ರ ಕೇಸನ್ನು ಮ್ಯಾಜಿಸ್ಟ್ರೇಟರ ಮುಂದೆ ರಾಜಿ ಮಾಡಿಕೊಳ್ಳಲು ಬರುವುದಿಲ್ಲ, ಹೈಕೋರ್ಟಿನಲ್ಲಿ ರದ್ದುಪಡಿಸಬೇಕು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ಜಿಲ್ಲೆ ಯಾವುದಕ್ಕೆ ಸೇರುತ್ತದೆಯೋ ಅಲ್ಲಿ. ಆ ಅರ್ಜಿಗೆ ಹೆಂಡತಿಯ ಒಪ್ಪಿಗೆಯ ಅಫಿಡವಿಟ್ ಬೇಕಾಗುತ್ತದೆ. ಕೊನೆಯ ಕಂತಿನ ಡಿ.ಡಿ. ಕೈಗೆ ಬರುವ ದಿನವೇ ಆ ಅಫಿಡವಿಟ್ಟಿಗೆ ರುಜು ಹಾಕಿ, ಅದಕ್ಕಿಂತ ಮೊದಲು ಬೇಡ.